ಸೋಲಿನ ಲೆಕ್ಕ

ಗೆದ್ದ ದಿನ ಊರಿನಲ್ಲಿ ಪೇಢೆ ಹಂಚುತ್ತಾರೆ. ಸೋತ ದಿನ ನ್ಯಾಯ ಕೂಡುತ್ತದೆ. ಶಿಗ್ಗಾಂವಿ ತಾಲೂಕಿನ ದುಂಡಸಿಯಲ್ಲಿ ನಾನು ಕಂಡ ಕ್ರಿಕೆಟ್ಟಿನ ಚರಿತ್ರೆಯನ್ನೆಲ್ಲ ಈ ಒಂದು ಮಾತಿನಲ್ಲಿ ಅಡಗಿಸಬಹುದು. ಗೆಲುವಿಗೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸೋತರೆ ಮಾತ್ರ ಅಂದಿನ ಸಂಜೆಯೇ ಚಾದಂಗಡಿಯ ಮುಂದಿನ ಬೆಂಚಿನ ಮೇಲೆ ವಿಚಾರಣೆ ಆರಂಭವಾಗುತ್ತಿತ್ತು. ಸೋತದ್ದು ನಮ್ಮೂರ ತಂಡವೇ ಆಗಬೇಕೆಂದಿಲ್ಲ. ಕರ್ನಾಟಕ ತಂಡವಾದರೂ ಸರಿ, ಭಾರತ ತಂಡವಾದರೂ ಸರಿ, ನ್ಯಾಯಾಧೀಶರು ಅವರೇ, ವಕೀಲರೂ ಅವರೇ.

ಈ ನ್ಯಾಯಾಲಯದಲ್ಲಿ ಮೂರು ಪಕ್ಷಗಳಿದ್ದವು. ಚಾದಂಗಡಿಯ ಕಾಕಾ ಬ್ಯಾಟಿಂಗಿನ ಮೇಲೆ ಆರೋಪ ಹೊರಿಸುವವರು. “ರನ್ ಹೊಡೀಲಾರದವ್ರು ಆಡಾಕ ಯಾಕ ಹೋಗಬೇಕು?” ಎಂಬುದು ಅವರ ಪ್ರಶ್ನೆ. ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದ ಮಾಸ್ತರರು ಬೌಲಿಂಗಿನತ್ತ ಬೆರಳು ಮಾಡುತ್ತಿದ್ದರು. “ಅಷ್ಟು ರನ್ ಕೊಟ್ಟವರು ಯಾರು? ಮೊದಲು ಅದನ್ನ ಹೇಳು” ಎನ್ನುತ್ತಿದ್ದರು. ಸೈಕಲ್ ಅಂಗಡಿಯ ಅಣ್ಣ ಇಬ್ಬರ ಮಾತನ್ನೂ ಕೇಳಿ, ಕೈಯ ಗ್ರೀಸು ಒರೆಸಿಕೊಳ್ಳುತ್ತ, “ಅದೆಲ್ಲಾ ಬಿಡ್ರಿ ಮಾಸ್ತರ್ರ, ಕೈಗೆ ಬಂದ ಕ್ಯಾಚ್ ಬಿಟ್ಟವನ್ನ ಯಾರೂ ಕೇಳವಲ್ರಿ” ಎಂದು ಕ್ಷೇತ್ರರಕ್ಷಣೆಯನ್ನು ಕಟಕಟೆಗೆ ತರುತ್ತಿದ್ದ. ವರ್ಷಗಟ್ಟಲೆ ನಡೆದ ಈ ಮೊಕದ್ದಮೆಯಲ್ಲಿ ತೀರ್ಪು ಬಂದದ್ದನ್ನು ನಾನು ಕಾಣೆ. ಆದರೆ ಶಿಕ್ಷೆ ಮಾತ್ರ ಆಗಾಗ ಆಗುತ್ತಿತ್ತು. ಅಂಥ ಒಂದು ಶಿಕ್ಷೆಯ ನೆನಪೇ ಈ ವಿಷಯವನ್ನು ಕುರಿತು ಮಾತನಾಡುವಂತೆ ನನ್ನನ್ನು ಪ್ರೇರಿಸಿದೆ.

1985ರ ಬೇಸಿಗೆ. ಕಪಿಲ್ ದೇವ್ ಅವರ ತಂಡ 1983ರಲ್ಲಿ ವಿಶ್ವಕಪ್ಪನ್ನು ಗೆದ್ದು ತಂದ ಮೇಲೆ ಹಳ್ಳಿಹಳ್ಳಿಗಳಲ್ಲಿ ಕ್ರಿಕೆಟ್ಟಿನ ಹುಚ್ಚು ಹೊಕ್ಕಿದ್ದ ಕಾಲ. ಸುಗ್ಗಿ ಮುಗಿದು ಬಯಲಾಗಿದ್ದ ಹೊಲದಲ್ಲಿ ನೆರೆಯೂರಿನ ತಂಡದೊಡನೆ ನಮಗೆ ಇಪ್ಪತ್ತು ಓವರುಗಳ ಪಂದ್ಯ. ನಾನು ಏಳನೆಯ ಕ್ರಮಾಂಕದ ದಾಂಡಿಗ. ನನ್ನ ಸರದಿ ಬರುವವರೆಗೆ ಲೆಕ್ಕದ ಪುಸ್ತಕ ಬರೆಯುವ ಕೆಲಸವೂ ನನ್ನದೇ. ಎದುರಾಳಿಗಳು 103 ಮಾಡಿದರು. ನಾವು 98ಕ್ಕೆ ನಿಂತೆವು. ಐದು ರನ್ನುಗಳ ಸೋಲು. ಎದುರಾಳಿಗಳ ಸರದಿಯಲ್ಲಿ ನಮ್ಮ ತಂಡದ ಹುಡುಗನೊಬ್ಬ ಎತ್ತರದ ಕ್ಯಾಚೊಂದನ್ನು ಕೈಬಿಟ್ಟಿದ್ದ. ವಯಸ್ಸು ಹದಿನೈದೊ ಹದಿನಾರೊ ಇದ್ದೀತು. ಸಂಜೆ ಬೆಂಚಿನ ಮೇಲೆ ಮೂರು ಪಕ್ಷಗಳೂ ಎಂದಿಲ್ಲದಂತೆ ಒಂದಾದವು. “ನಿನ್ನಿಂದನ ಮ್ಯಾಚ್ ಹೋತು” ಎಂಬ ಮಾತು ಮೊದಲು ಹೊರಟದ್ದು ನನ್ನ ಬಾಯಿಂದಲೇ. ಹುಡುಗ ಏನೂ ಆಡಲಿಲ್ಲ. ಮರುದಿನದಿಂದ ಹೊಲದತ್ತ ಬರಲೂ ಇಲ್ಲ. ನಾಲ್ಕು ದಿನ ಕಾದೆವು. ಆಮೇಲೆ ಮತ್ತೊಬ್ಬನನ್ನು ಸೇರಿಸಿಕೊಂಡೆವು.

ಒಂದು ಸೋಲಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಲು ಸಾಧ್ಯವೆ? ಸಾಧ್ಯವಾದರೆ ಯಾವ ಅರ್ಥದಲ್ಲಿ? ನಮ್ಮೂರ ಹೊಲದ ಪಂದ್ಯವನ್ನು ಸದ್ಯಕ್ಕೆ ಬದಿಗಿಟ್ಟು, ಎಲ್ಲರೂ ಬಲ್ಲ ಪಂದ್ಯವೊಂದನ್ನು ಪರೀಕ್ಷಿಸೋಣ.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ಮತ್ತು ಮುಂಬಯಿ ತಂಡಗಳ ನಡುವೆ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆಯಿತು. ಮುಂಬಯಿಯ ಮೊದಲ ಇನ್ನಿಂಗ್ಸ್ 233, ಎರಡನೆಯದು 234. ಕರ್ನಾಟಕದ ಮೊದಲ ಇನ್ನಿಂಗ್ಸ್ 130, ಎರಡನೆಯದು 331. ಕೂಡಿಸಿ ನೋಡಿದರೆ ಆ ಕಡೆ 467, ಈ ಕಡೆ 461. ಒಟ್ಟು 928 ರನ್ನುಗಳು ಹರಿದ ಪಂದ್ಯದಲ್ಲಿ ಸೋಲಿನ ಅಂತರ ಕೇವಲ 6. ಗೆಲುವಿಗೆ 338 ಬೇಕಾಗಿದ್ದಾಗ ಮನೀಷ್ ಪಾಂಡೆ 144 ರನ್ನುಗಳನ್ನೂ ಗಣೇಶ್ ಸತೀಶ್ 75 ರನ್ನುಗಳನ್ನೂ ಹೊಡೆದು ಗುರಿಯ ಸಮೀಪಕ್ಕೆ ತಂಡವನ್ನು ಒಯ್ದಿದ್ದರು.

ಈಗ ನಮ್ಮ ಮೂವರು ವಕೀಲರನ್ನು ಮೈಸೂರಿಗೆ ಕರೆದುಕೊಂಡು ಹೋಗೋಣ. “ಮೊದಲ ಸರದಿಯಲ್ಲಿ 130ಕ್ಕೆ ಮುಗಿದವರು ಗೆಲ್ಲುವುದು ಹೇಗೆ? ಇನ್ನೊಂದು ಏಳು ರನ್ನು ಮಾಡಿದ್ದರೆ ಸಾಕಿತ್ತು” ಎಂದು ಕಾಕಾ ವಾದಿಸುತ್ತಾರೆ. ಮಾತು ಸರಿ. “ಮುಂಬಯಿಯ ಎರಡನೆಯ ಸರದಿಯಲ್ಲಿ ಬೌಲರನೆಂದೇ ಹೆಸರಾದ ಧವಳ್ ಕುಲಕರ್ಣಿ 87 ರನ್ನು ಹೊಡೆದರಲ್ಲ, ಬಾಲಂಗೋಚಿಯನ್ನು ಬೇಗ ಕತ್ತರಿಸಿದ್ದರೆ ಗುರಿ ಅಷ್ಟು ದೊಡ್ಡದಾಗುತ್ತಿತ್ತೆ?” ಎಂದು ಮಾಸ್ತರರು ಕೇಳುತ್ತಾರೆ. ಅದೂ ಸರಿ. “ನಾಲ್ಕು ದಿನಗಳಲ್ಲಿ ಕೈತಪ್ಪಿದ ಚೆಂಡುಗಳೆಷ್ಟು, ಒಂದರ ಕಡೆ ಎರಡು ಓಡಿದ್ದೆಷ್ಟು? ಅವುಗಳಲ್ಲಿ ಏಳನ್ನು ತಡೆಯಲಾಗುತ್ತಿರಲಿಲ್ಲವೆ?” ಎಂದು ಸೈಕಲ್ ಅಂಗಡಿಯ ಅಣ್ಣ ಎದ್ದು ನಿಲ್ಲುತ್ತಾನೆ. ಅದೂ ಸುಳ್ಳೆನ್ನಲಾಗದು.

ವಿಚಿತ್ರವಿರುವುದು ಇಲ್ಲಿಯೇ. ಮೂವರ ವಾದವೂ ನಿಜ. ಆದುದರಿಂದಲೇ ಒಬ್ಬರ ವಾದವೂ ಇನ್ನೊಬ್ಬರದನ್ನು ಸೋಲಿಸಲಾರದು. ಅಂತರ ಆರು ರನ್ನುಗಳಷ್ಟೇ ಆದಾಗ, ಏಳು ರನ್ನುಗಳ ಬೆಲೆಯುಳ್ಳ ಯಾವ ಸಂಗತಿಯೂ ‘ನಾನೇ ಕಾರಣ’ ಎಂದು ಹಕ್ಕು ಸಾಧಿಸಬಹುದು. ಅಂಥ ಸಂಗತಿಗಳು ಆ ನಾಲ್ಕು ದಿನಗಳಲ್ಲಿ ಹತ್ತಾರು ಇದ್ದಿರಬೇಕು. ಕಾರಣವನ್ನು ಹುಡುಕುತ್ತ ಹೊರಟವನಿಗೆ ಇಲ್ಲಿ ಅದರ ಕೊರತೆಯಿಲ್ಲ. ಅವನನ್ನು ಗೊಂದಲಕ್ಕೆ ಕೆಡಹುವುದು ಕಾರಣಗಳ ಸಮೃದ್ಧಿ.

ಇನ್ನೊಂದು ಪಂದ್ಯ ಇದಕ್ಕಿಂತ ಕಠಿಣವಾದ ಪಾಠ ಹೇಳುತ್ತದೆ. 1982ರ ಮಾರ್ಚಿನಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಕರ್ನಾಟಕ ರಣಜಿ ಅಂತಿಮ ಪಂದ್ಯವನ್ನು ಆಡಿತು. ನಮ್ಮವರು ಮೊದಲು ಆಡಿ 705 ರನ್ನು ಪೇರಿಸಿದರು. ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ಸೈಯದ್ ಕಿರ್ಮಾನಿ ಇವರೆಲ್ಲ ಶತಕ ಹೊಡೆದಿದ್ದರು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದ ‘ಸಂಯುಕ್ತ ಕರ್ನಾಟಕ’ವನ್ನು ಓದಿದ ಕಾಕಾ ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟರು. ಆದರೆ ದೆಹಲಿ ಎಂಟು ವಿಕೆಟ್ಟಿಗೆ 707 ಮಾಡಿ, ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಟ್ರೋಫಿಯನ್ನು ಎತ್ತಿಕೊಂಡಿತು. ಮೋಹಿಂದರ್ ಅಮರನಾಥ್ 185 ಹೊಡೆದಿದ್ದರು. ಆದರೂ 589ಕ್ಕೆ ಎಂಟನೆಯ ವಿಕೆಟ್ಟು ಬಿದ್ದಾಗ ದೆಹಲಿಗೆ ಇನ್ನೂ 117 ರನ್ನುಗಳು ಬೇಕಾಗಿದ್ದವು. ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್ ಕೂಡಿ, ಔಟಾಗದೆ, ಆ ದೂರವನ್ನು ದಾಟಿದರು.

ಬ್ಯಾಟಿಂಗಿನಿಂದ ಸೋತೆವೆಂದು ಅಂದು ಹೇಳುವವನಿಗೆ ನಮ್ಮೂರಲ್ಲಿ ಉಳಿಗಾಲವಿರಲಿಲ್ಲ. 705 ಹೊಡೆದವರನ್ನು ಹೇಗೆ ದೂರುವುದು? ಆಗ ಬೌಲರುಗಳು ತಪ್ಪಿತಸ್ಥರೆನ್ನೋಣವೆ? ಎರಡೂ ತಂಡಗಳು ಏಳುನೂರು ದಾಟಿದ ನೆಲದಲ್ಲಿ ದೆಹಲಿಯ ಬೌಲರುಗಳೇನು ನಮ್ಮವರಿಗಿಂತ ಹೆಚ್ಚು ಸಾಧಿಸಿದ್ದರು? ಈ ಪಂದ್ಯ ತೋರಿಸಿಕೊಡುವುದೇನೆಂದರೆ, 705 ಎಂಬ ಅಂಕಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಮೈಸೂರಿನ ನೆಲದಲ್ಲಿ 338 ಬೆಟ್ಟವಾಯಿತು. ದೆಹಲಿಯ ನೆಲದಲ್ಲಿ 705 ದಿಣ್ಣೆಯಾಯಿತು. ಆ ನೆಲವೂ ಫಲಿತಾಂಶದ ಕಾರಣಗಳಲ್ಲಿ ಒಂದು. ಆದರೆ ಲೆಕ್ಕದ ಪುಸ್ತಕದಲ್ಲಿ ಅದಕ್ಕೆಂದು ಕಾಲಂ ಇಲ್ಲ. ಬೆಂಚಿನ ಮೇಲೆ ಅದನ್ನು ಬೈದರೆ ಯಾರ ಮನಸ್ಸಿಗೂ ಸಮಾಧಾನವಾಗುವುದೂ ಇಲ್ಲ.

ಲೆಕ್ಕದ ಪುಸ್ತಕದ ಮಾತು ಬಂತು. ಅದನ್ನು ಬರೆದು ಬಲ್ಲವನಾದ್ದರಿಂದ ಅದರ ಒಂದು ಗುಟ್ಟನ್ನು ಹೇಳುತ್ತೇನೆ. ಅದರಲ್ಲಿ ದಾಂಡಿಗನಿಗೆ ತನ್ನದೇ ಆದ ಒಂದು ಸಾಲಿದೆ. ಅವನು ಹೊಡೆದದ್ದು, ಔಟಾದದ್ದು ಎಲ್ಲವೂ ಅವನ ಹೆಸರಿನ ಮುಂದೆ ಬರುತ್ತವೆ. ಬೌಲರನಿಗೂ ಒಂದು ಸಾಲಿದೆ. ಕ್ಷೇತ್ರರಕ್ಷಕನಿಗೆ ಮಾತ್ರ ಸ್ವಂತದ ಸಾಲಿಲ್ಲ. ಹಿಡಿದ ಕ್ಯಾಚು ಔಟಾದವನ ಹೆಸರಿನ ಪಕ್ಕದಲ್ಲಿ ಸಣ್ಣದಾಗಿ ಸೇರಿಕೊಳ್ಳುತ್ತದೆ. ಬಿಟ್ಟ ಕ್ಯಾಚು ಎಲ್ಲಿಯೂ ದಾಖಲಾಗುವುದಿಲ್ಲ. ತಡೆದ ಬೌಂಡರಿ ದಾಂಡಿಗನಿಗೆ ಬಾರದ ರನ್ನಾಗಿ ಮಾಯವಾಗುತ್ತದೆ. ತಡೆಯದೆ ಹೋದದ್ದು ಬೌಲರನ ಖಾತೆಗೆ ಖರ್ಚು ಬೀಳುತ್ತದೆ. ರಾಹುಲ್ ದ್ರಾವಿಡರು ಟೆಸ್ಟ್ ಪಂದ್ಯಗಳಲ್ಲಿ ಹಿಡಿದ ಕ್ಯಾಚುಗಳು 210 ಎಂದು ದಾಖಲೆಗಳು ಹೇಳುತ್ತವೆ; ಆ 210 ಕ್ಯಾಚುಗಳಿಗಾಗಿ ಅವರು ಸ್ಲಿಪ್ಪಿನಲ್ಲಿ ಬಗ್ಗಿ ನಿಂತ ಸಾವಿರಾರು ಓವರುಗಳ ಏಕಾಗ್ರತೆಗೆ ಪುಸ್ತಕದಲ್ಲಿ ಸ್ಥಳವಿಲ್ಲ.

ಆದುದರಿಂದ ‘ಬೌಲಿಂಗ್’ ಎಂದು ನಾವು ಕರೆಯುವ ಅಂಕಿಯಲ್ಲಿ ಅರ್ಧಭಾಗ ಕ್ಷೇತ್ರರಕ್ಷಣೆಯೇ ಬೆರೆತಿರುತ್ತದೆ. ಹಾಲು ನೀರು ಬೆರೆತ ಮೇಲೆ ಬೇರ್ಪಡಿಸಲು ಹಂಸವೇ ಬೇಕು. ಸಾಲದ್ದಕ್ಕೆ ಲೆಕ್ಕದ ನಿಯಮಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಒಂದು ಕಾಲಕ್ಕೆ ವೈಡು, ನೋಬಾಲುಗಳ ರನ್ನು ‘ಇತರೆ’ ಎಂಬಲ್ಲಿ ಮಾತ್ರ ಸೇರುತ್ತಿದ್ದವು. 1980ರ ದಶಕದಲ್ಲಿ ಅವನ್ನು ಬೌಲರನ ತಲೆಗೂ ಕಟ್ಟತೊಡಗಿದರು. ಮೈದಾನದಲ್ಲಿ ನಡೆದ ಘಟನೆ ಅದೇ. ಬದಲಾದದ್ದು ಅಪರಾಧಿಯ ಹೆಸರು.

ಹಾಗಾದರೆ ಕ್ಷೇತ್ರರಕ್ಷಕನ ತಪ್ಪಿಗೂ ಒಂದು ಕಾಲಂ ಇದ್ದುಬಿಟ್ಟರೆ ವಾದ ಮುಗಿಯುವುದೆ? ಈ ಪ್ರಯೋಗವನ್ನು ಅಮೆರಿಕದವರು ತಮ್ಮ ಬೇಸ್‌ಬಾಲಿನಲ್ಲಿ ಬಹಳ ಹಿಂದೆಯೇ ಮಾಡಿ ನೋಡಿದ್ದಾರೆ. ಆ ಆಟದಲ್ಲಿ ನಮ್ಮ ಬೌಲರನ ಸ್ಥಾನದಲ್ಲಿ ಪಿಚರ್ ಇರುತ್ತಾನೆ. ಅವನು ಎಸೆದದ್ದನ್ನು ದಾಂಡಿಗ ಹೊಡೆಯುತ್ತಾನೆ. ಉಳಿದವರು ಚೆಂಡನ್ನು ತಡೆದು ಹಿಡಿಯುತ್ತಾರೆ. ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತರು 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಮೊದಲು ಕ್ರಿಕೆಟ್ಟಿನ ವರದಿಗಳನ್ನು ಬರೆಯುತ್ತಿದ್ದವರು, ಅನಂತರ ಬೇಸ್‌ಬಾಲಿಗೆ ಒಲಿದು ಅದರ ಲೆಕ್ಕ ಬರೆಯುವ ಕ್ರಮವನ್ನು ರೂಪಿಸಿದರು. ಇಂದಿಗೂ ಬೇಸ್‌ಬಾಲ್ ಪಂದ್ಯದ ಸಾರಾಂಶದಲ್ಲಿ ಪ್ರತಿ ತಂಡದ ಹೆಸರಿನ ಮುಂದೆ ಮೂರು ಅಂಕಿಗಳಿರುತ್ತವೆ: ಓಟಗಳೆಷ್ಟು, ಹೊಡೆತಗಳೆಷ್ಟು, ತಪ್ಪುಗಳೆಷ್ಟು. ಕ್ಷೇತ್ರರಕ್ಷಕನ ತಪ್ಪಿನಿಂದ ಬಂದ ಓಟಗಳನ್ನು ಪಿಚರನ ಲೆಕ್ಕದಿಂದ ಕಳೆದು ಅವನ ಸರಾಸರಿಯನ್ನು ತೆಗೆಯುತ್ತಾರೆ. ನಮ್ಮೂರ ಮೂರು ಪಕ್ಷಗಳಿಗೂ ಅಲ್ಲಿ ಒಂದೊಂದು ಕಾಲಂ ಇದೆ ಎನ್ನಬಹುದು.

ಆದರೂ ಅಲ್ಲಿಯ ಅಭಿಮಾನಿಗಳ ವಾದ ಮುಗಿದಿಲ್ಲ, ಬದಲು ಹೆಚ್ಚಾಗಿದೆ. ಮೊದಲನೆಯದಾಗಿ, ಯಾವುದು ತಪ್ಪು ಎಂಬುದನ್ನು ಲೆಕ್ಕಿಗನೇ ನಿರ್ಣಯಿಸಬೇಕು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಚುರುಕು ಕಾಲಿನವನು ದೂರದಿಂದ ಓಡಿಬಂದು ಚೆಂಡಿಗೆ ಕೈಹಚ್ಚಿ ಬಿಟ್ಟರೆ ಅವನ ಹೆಸರಿಗೆ ತಪ್ಪು ಬರೆಯುತ್ತಾರೆ. ಮಂದಗಾಲಿನವನು ಚೆಂಡಿನ ಹತ್ತಿರ ಸುಳಿಯದೆಯೇ ಇದ್ದರೆ ಅದು ದಾಂಡಿಗನ ಒಳ್ಳೆಯ ಹೊಡೆತವೆನಿಸುತ್ತದೆ. ಎಂದರೆ, ಪ್ರಯತ್ನ ಮಾಡಿದವನಿಗೆ ಕಪ್ಪು ಚುಕ್ಕೆ, ಪ್ರಯತ್ನ ಮಾಡದವನಿಗೆ ಬಿಳಿಯ ಹಾಳೆ! ಮೂರನೆಯದಾಗಿ, 2001ರಲ್ಲಿ ವೋರೋಸ್ ಮೆಕ್‌ಕ್ರಾಕನ್ ಎಂಬವರು ಅಂಕಿಗಳನ್ನು ಜಾಲಾಡಿ ಒಂದು ಹೊಸ ಮಾತು ಹೇಳಿದರು. ದಾಂಡಿಗನ ಹೊಡೆತ ಮೈದಾನದೊಳಗೇ ಬಿದ್ದಾಗ ಅದು ಔಟಾಗುವುದೊ ಓಟವಾಗುವುದೊ ಎಂಬುದರ ಮೇಲೆ ಪಿಚರನ ಹಿಡಿತ ಜನ ತಿಳಿದಿದ್ದುದಕ್ಕಿಂತ ಬಹಳ ಕಡಿಮೆ. ಬಹುಪಾಲು ಕ್ಷೇತ್ರರಕ್ಷಣೆ ಮತ್ತು ಅದೃಷ್ಟದ ಕೈಯಲ್ಲಿದೆ ಎಂಬುದು ಅವರ ಪ್ರತಿಪಾದನೆ. ಆ ಮೇಲೆ ಅನೇಕರು ಅದನ್ನು ತಿದ್ದಿ ಸೌಮ್ಯಗೊಳಿಸಿದರು. ಆದರೆ ನೂರು ವರ್ಷಗಳಿಂದ ಒಬ್ಬನ ಖಾತೆಯಲ್ಲಿದ್ದದ್ದು ಹಲವರ ಕೂಡುಖಾತೆಯೆಂಬುದು ಬಯಲಾಯಿತು.

ಇಷ್ಟೆಲ್ಲ ಕಾಲಂಗಳಿದ್ದ ದೇಶದಲ್ಲಿಯೇ ಬಿಲ್ ಬಕ್ನರ್ ಎಂಬ ಆಟಗಾರರಿಗೆ ಆದದ್ದನ್ನು ಕೇಳಿ. 1986ರ ಅಕ್ಟೋಬರ್ 25ರಂದು ನ್ಯೂಯಾರ್ಕಿನಲ್ಲಿ ಅಂತಿಮ ಸರಣಿಯ ಆರನೆಯ ಪಂದ್ಯ. ಬಾಸ್ಟನ್ ನಗರದ ತಂಡ 1918ರಿಂದ ಆ ಪ್ರಶಸ್ತಿಯನ್ನು ಕಂಡಿರಲಿಲ್ಲ. ಅಂದು ಗೆದ್ದರೆ ಅದು ಅವರದು. ಕೊನೆಯ ಹಂತದಲ್ಲಿ ಎರಡು ಓಟಗಳ ಮುನ್ನಡೆಯಿತ್ತು. ಇನ್ನೊಬ್ಬ ಔಟಾದರೆ ಮುಗಿಯಿತು. ಅಲ್ಲಿಂದ ಎದುರಾಳಿಗಳು ಮೂರು ಹೊಡೆತಗಳನ್ನು ಗಳಿಸಿದರು. ಅನಂತರ ಪಿಚರನ ಒಂದು ಎಸೆತ ಹಿಡಿಯುವವನನ್ನೂ ತಪ್ಪಿಸಿಕೊಂಡು ಹೋಗಿ ಪಂದ್ಯ ಸಮವಾಯಿತು. ಅದಾದ ಮೇಲೆ, ಮೆಲ್ಲಗೆ ಉರುಳಿ ಬಂದ ಚೆಂಡು ಬಕ್ನರರ ಕಾಲುಗಳ ನಡುವೆ ನುಸುಳಿತು, ಬಾಸ್ಟನ್ ಸೋತಿತು. ಕಾಲ್ಗಂಟಿನ ನೋವಿದ್ದ ಅವರ ಬದಲಿಗೆ ಕೊನೆಗೊನೆಗೆ ಇನ್ನೊಬ್ಬರನ್ನು ನಿಲ್ಲಿಸುವ ರೂಢಿ ಆ ತಂಡದಲ್ಲಿತ್ತು. ಅಂದು ತಂಡದ ವ್ಯವಸ್ಥಾಪಕರು ನಿಲ್ಲಿಸಿರಲಿಲ್ಲ. ಸರಣಿ ಅಲ್ಲಿಗೆ ಮುಗಿದಿರಲೂ ಇಲ್ಲ. ಏಳನೆಯ ಪಂದ್ಯದಲ್ಲಿ ಬಾಸ್ಟನ್ 3–0 ಮುನ್ನಡೆ ಗಳಿಸಿ, ಕೊನೆಗೆ 5–8ರಿಂದ ಸೋತಿತು. ಇಷ್ಟು ಕಾರಣಗಳ ನಡುವೆ ಊರಿನ ನೆನಪಿನಲ್ಲಿ ಉಳಿದದ್ದು ಮಾತ್ರ ಆ ಎರಡು ಕಾಲುಗಳು. ಬಾಸ್ಟನ್ 2004ರಲ್ಲಿ ಪ್ರಶಸ್ತಿಯನ್ನು ಗೆದ್ದ ಮೇಲೆ, 2008ರಲ್ಲಿ, ಬಕ್ನರರನ್ನು ತಮ್ಮ ಮೈದಾನಕ್ಕೆ ಕರೆದು ಅಲ್ಲಿಯ ಋತುವಿನ ಮೊದಲ ಚೆಂಡನ್ನು ಅವರಿಂದ ಎಸೆಯಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು 2019ರಲ್ಲಿ ತೀರಿಕೊಂಡರು. ಒಂದು ಚೆಂಡಿನ ಋಣ ತೀರಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಕೊನೆಯ ಕಾರಣವನ್ನೇ ಏಕೈಕ ಕಾರಣವೆಂದು ತಿಳಿಯುವ ಈ ದೌರ್ಬಲ್ಯವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಕಾಗೆ ಬಂದು ತಾಳೆಯ ಮರದ ಮೇಲೆ ಕೂತದ್ದಕ್ಕೂ ಹಣ್ಣು ಬಿದ್ದದ್ದಕ್ಕೂ ಕೂಡಿಬಂದ ಗಳಿಗೆ ಒಂದೇ. ಅದಕ್ಕಾಗಿ ಹಣ್ಣನ್ನು ಕಾಗೆಯೇ ಕೆಡವಿತೆನ್ನಲಾಗದು. ಇದಕ್ಕೆ ಕಾಕತಾಳೀಯ ನ್ಯಾಯವೆಂದೇ ಹೆಸರಿಟ್ಟರು. ತರ್ಕಶಾಸ್ತ್ರಕಾರರು ಮಡಕೆಯ ಉದಾಹರಣೆಯನ್ನು ಕೊಡುತ್ತಾರೆ. ಮಣ್ಣು, ತಿಗರಿ, ಕೋಲು, ಕುಂಬಾರ ಎಲ್ಲವೂ ಕೂಡಿದಾಗ ಮಡಕೆಯಾಗುತ್ತದೆ. ಈ ಕೂಟವನ್ನೇ ಅವರು ಕಾರಣಸಾಮಗ್ರಿ ಎಂದು ಕರೆದರು. ಒಂದು ಇಲ್ಲದಿದ್ದರೂ ಕಾರ್ಯ ಸಂಭವಿಸದು. ಹಾಗೆಂದು ಮಡಕೆಯಲ್ಲಿ ಮಣ್ಣಿನ ಪಾಲು ಎಷ್ಟು, ಕೋಲಿನ ಪಾಲು ಎಷ್ಟು ಎಂದು ಸೇರು ಪಾವಿನಲ್ಲಿ ಅಳೆಯಲಾದೀತೆ?

ತರ್ಕ ಓದದವರಿಗೂ ಈ ಮಾತು ಕರ್ಣನ ಕತೆಯಿಂದ ತಿಳಿದಿದೆ. ಕರ್ಣನನ್ನು ಕೊಂದವರು ಯಾರು? ಅರ್ಜುನನ ಬಾಣವೆಂದು ಮಕ್ಕಳೂ ಹೇಳುತ್ತಾರೆ. ಆದರೆ ಕವಚ ಕುಂಡಲಗಳನ್ನು ಬೇಡಿ ಒಯ್ದ ಇಂದ್ರ, ಶಪಿಸಿದ ಪರಶುರಾಮ, ಮಗನಿಂದ ಮಾತು ಪಡೆದ ಕುಂತಿ, ಸಾರಥಿಯಾಗಿ ಕೂತು ಮನಸ್ಸು ಮುರಿದ ಶಲ್ಯ, ನೆಲದಲ್ಲಿ ಹೂತ ಗಾಲಿ, ಇವುಗಳಲ್ಲಿ ಯಾವುದನ್ನು ಬಿಡೋಣ? ಬಯಲಾಟದ ಮುಂದೆ ರಾತ್ರಿಯಿಡೀ ಕೂತು ಕರ್ಣನಿಗಾಗಿ ಕಣ್ಣೊರೆಸಿಕೊಂಡ ಜನವೇ ನಮ್ಮ ಬೆಂಚಿನ ಮೇಲೂ ಕೂಡುತ್ತಿದ್ದರು. ಕರ್ಣನ ವಿಷಯದಲ್ಲಿ ಅವರಿಗಿದ್ದ ಆ ವಿವೇಕ, ಹದಿನೈದು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ಏಕೆ ಮರೆಯಾಯಿತೊ ತಿಳಿಯದು.

ಗೆಲುವಿನ ವಿಷಯದಲ್ಲಿ ನಾವು ಹೀಗೆ ಕೃಪಣರಲ್ಲ. ರಾಜ್ಯಕ್ಕೆ 1973ರ ನವೆಂಬರಿನಲ್ಲಿ ಕರ್ನಾಟಕವೆಂಬ ಹೆಸರು ಬಂದ ಕೆಲವೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ, ನಮ್ಮ ತಂಡ ಬೊಂಬಾಯಿಯನ್ನು ಮಣಿಸಿತು. ಅದಕ್ಕೆ ಮುಂಚೆ ಬೊಂಬಾಯಿ ಸತತವಾಗಿ ಹದಿನೈದು ಬಾರಿ ರಣಜಿ ಟ್ರೋಫಿಯನ್ನು ಗೆದ್ದಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ನಾಯಕ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ನೆಲೆಯೂರಿ ಆಡುತ್ತಿದ್ದ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನೌಟಾದರು. ಆ ಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿಯನ್ನು ಮನೆಗೆ ತಂದಿತು. ಗೆದ್ದದ್ದು ಬ್ಯಾಟಿಂಗಿನಿಂದಲೊ, ಬೌಲಿಂಗಿನಿಂದಲೊ, ಜಾರಿದ ಕಾಲಿನಿಂದಲೊ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಗೆಲ್ಲಿಸಿದರು ಎಂದೆವು. ಗೆಲುವನ್ನು ಕೂಡುಕುಟುಂಬದ ಆಸ್ತಿಯಂತೆ ಅನುಭವಿಸುವ ನಾವು, ಸೋಲು ಬಂದೊಡನೆ ಹಿಸ್ಸೆ ಮಾಡಲು ಕೂಡುತ್ತೇವೆ. ಅದನ್ನೂ ಸಮನಾಗಿ ಹಂಚದೆ, ಎಲ್ಲವನ್ನೂ ಮನೆಯ ಕಿರಿಯವನ ತಲೆಗೆ ಹೊರಿಸುತ್ತೇವೆ.

ಹಾಗೆಂದು ಸೋಲಿನ ವಿಚಾರಣೆಯೇ ಬೇಡವೆಂದು ನಾನು ಹೇಳುವುದಿಲ್ಲ. ಬೇಕು. ಆದರೆ ‘ಯಾರಿಂದ ಸೋತೆವು’ ಎಂಬುದೂ ‘ಮುಂದಿನ ಸಲ ಯಾವುದನ್ನು ತಿದ್ದಿಕೊಳ್ಳೋಣ’ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರವುಂಟು, ಅದನ್ನು ಅಭ್ಯಾಸದಲ್ಲಿ ಹುಡುಕಬಹುದು. ಮೈಸೂರಿನಲ್ಲಿ ಆರು ರನ್ನುಗಳಿಂದ ಸೋತವರಲ್ಲಿ ವಿನಯ್ ಕುಮಾರ್ ಇದ್ದರು, ಮನೀಷ್ ಪಾಂಡೆ ಇದ್ದರು. ಅದೇ ವಿನಯ್ ಕುಮಾರರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಎರಡು ವರ್ಷ ಸಾಲಾಗಿ ರಣಜಿ ಟ್ರೋಫಿಯನ್ನು ಗೆದ್ದಿತು. ಸೋತ ಮಾರನೆಯ ದಿನವೇ ಅವರನ್ನೆಲ್ಲ ಮೈದಾನದಿಂದ ಅಟ್ಟಿದ್ದರೆ ಈ ಗೆಲುವು ಯಾರ ಕೈಯಿಂದ ಬರುತ್ತಿತ್ತು? ಇನ್ನು ಹೊಣೆ ಎಂಬುದನ್ನು ಹೊರಿಸಲೇಬೇಕಾದರೆ ಅಶಕ್ತಿಯನ್ನೂ ದುರದೃಷ್ಟವನ್ನೂ ಬಿಟ್ಟು ಅಲಕ್ಷ್ಯದ ಮೇಲೆ ಹೊರಿಸಬೇಕು. ಓಡಿ ಹೋಗಿ ತಪ್ಪಿದವನ ಕತೆ ಬೇರೆ, ಓಡದೆ ನಿಂತವನ ಕತೆ ಬೇರೆ.

ಈಗ ನಮ್ಮ ಹೊಲಕ್ಕೆ ಹಿಂದಿರುಗೋಣ. ಹಲವು ವರ್ಷಗಳ ಬಳಿಕ ಮನೆಯ ಅಟ್ಟ ಸ್ವಚ್ಛಗೊಳಿಸುವಾಗ ಆ ಲೆಕ್ಕದ ಪುಸ್ತಕ ಸಿಕ್ಕಿತು. ಇಲಿ ಕಡಿದಿದ್ದರೂ 1985ರ ಆ ಪುಟ ಉಳಿದಿತ್ತು. ಹುಡುಗ ಕ್ಯಾಚು ಬಿಟ್ಟಾಗ ಆ ದಾಂಡಿಗನ ರನ್ನು 21, ಔಟಾದಾಗ 30. ಎಂದರೆ ಬಿಟ್ಟ ಕ್ಯಾಚಿನ ಬೆಲೆ ಒಂಬತ್ತು ರನ್ನು. ಅದೂ, ಅವನ ಬದಲು ಬರುವವನು ಸೊನ್ನೆಗೆ ಔಟಾಗುತ್ತಿದ್ದನೆಂದು ಒಪ್ಪಿಕೊಂಡರೆ. ಐದಕ್ಕಿಂತ ಒಂಬತ್ತು ದೊಡ್ಡದು, ನಿಜ. ಆದರೆ ಅದೇ ಪುಟದಲ್ಲಿ ‘ಇತರೆ’ ಎಂಬಲ್ಲಿ 17 ಎಂದು ಬರೆದಿತ್ತು. ನಮ್ಮ ಮೊದಲ ನಾಲ್ವರಲ್ಲಿ ಇಬ್ಬರ ಮುಂದೆ ಸೊನ್ನೆಯಿತ್ತು. ಇನ್ನೂ ಕೆಳಗೆ, ಏಳನೆಯ ಸಾಲಿನಲ್ಲಿ, ಬೇರೆ ಕೈಯ ಬರಹ ಕಂಡಿತು. ನಾನು ಆಡಲು ಹೋದಾಗ ಪೆನ್ಸಿಲು ಬೇರೊಬ್ಬನ ಕೈಗೆ ಹೋಗಿತ್ತಲ್ಲವೆ! ನನ್ನ ಹೆಸರಿನ ಮುಂದೆ ಹದಿನಾಲ್ಕು ಎಸೆತಗಳು. ಅವುಗಳಲ್ಲಿ ಮೂರು ಒಂಟಿ ರನ್ನು, ಹನ್ನೊಂದು ಚುಕ್ಕೆ. ಓವರುಗಳು ಮುಗಿಯುತ್ತ ಬಂದಿದ್ದಾಗ, ಔಟಾದರೆ ಜನ ನಗುತ್ತಾರೆಂಬ ಅಂಜಿಕೆಯಿಂದ, ಹನ್ನೊಂದು ಚೆಂಡುಗಳನ್ನು ನಾನು ಸುಮ್ಮನೆ ತಡೆದು ನಿಲ್ಲಿಸಿದ್ದೆ. ನನ್ನ ಹೆಸರಿನ ಮುಂದೆ ‘ಔಟಾಗದೆ’ ಎಂದು ಅಂದವಾಗಿ ಬರೆದಿತ್ತು.

ಪುಸ್ತಕ ಹೇಳದ ಇನ್ನೊಂದು ಸಂಗತಿಯೂ ಆಗ ನೆನಪಿಗೆ ಬಂದಿತು. ಆ ಕ್ಯಾಚು ಹುಡುಗನ ಕೈಗೆ ಬಂದದ್ದಲ್ಲ. ಅವನೇ ಅದರ ಬಳಿಗೆ ಹೋದದ್ದು. ಚೆಂಡು ಬಿದ್ದದ್ದು ಬದುವಿನ ಹತ್ತಿರ; ಅವನು ಇಪ್ಪತ್ತು ಮಾರು ಓಡಿ ಬಂದು ಬೆರಳಂಚಿನಲ್ಲಿ ಮುಟ್ಟಿದ್ದ. ನಮ್ಮಲ್ಲಿ ಬೇರೆ ಯಾರಿದ್ದರೂ ಚೆಂಡು ನೆಲಕ್ಕೆ ಬಿದ್ದ ಮೇಲೆ ಹೋಗಿ ಎತ್ತಿಕೊಳ್ಳುತ್ತಿದ್ದರು. ‘ಚೊಲೊ ಹೊಡೆತ’ ಎನ್ನುತ್ತಿದ್ದರು. ಕ್ಯಾಚೆಂಬ ಮಾತೇ ಏಳುತ್ತಿರಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು ಅವನೆಂಬ ಒಂದೇ ಕಾರಣಕ್ಕೆ ಆ ತಪ್ಪು ಅವನ ಪಾಲಿಗೆ ಬಂದಿತ್ತು.

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಅವನನ್ನು ಕಾಣಲು ಹೋದೆ. ಈಗ ಅವನು ಶಿಗ್ಗಾಂವಿಯಲ್ಲಿ ಬೀಜ ಗೊಬ್ಬರದ ವ್ಯಾಪಾರ ಮಾಡಿಕೊಂಡಿದ್ದಾನೆ, ಮೊಮ್ಮಕ್ಕಳನ್ನು ಕಂಡಿದ್ದಾನೆ. ಕನ್ನಡಕ ಏರಿಸಿ ಪುಟವನ್ನು ಸಾವಕಾಶವಾಗಿ ನೋಡಿದ. ಏಳನೆಯ ಸಾಲಿನ ಚುಕ್ಕೆಗಳನ್ನು ನಾನೇ ಬೆರಳಿಟ್ಟು ತೋರಿಸಿದೆ. ಅವನು ಬೆರಳಿನಿಂದ ಒಂದೊಂದನ್ನೇ ಎಣಿಸಿ, “ಹನ್ನೊಂದು ಅದಾವ ನೋಡಣ್ಣಾ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಚೆಂಡು ಬಿಸಲಾಗ ಕಾಣಲಿಲ್ಲಣ್ಣಾ. ಅವತ್ತ ಯಾರರ ಕೇಳಿದ್ರ ಹೇಳತಿದ್ದೆ” ಎಂದ.

ಅಂದು ನಮ್ಮ ಬೆಂಚಿನ ಮೇಲೆ ಮೂರು ಪಕ್ಷಗಳಿದ್ದವು. ಸಾಕ್ಷಿಯನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಲೆಕ್ಕದ ಪುಸ್ತಕವನ್ನು ಅವನು ನನಗೆ ಮರಳಿಸಲಿಲ್ಲ. ಮೊಮ್ಮಗನಿಗೆ ತೋರಿಸುತ್ತೇನೆಂದು ತನ್ನ ಗಲ್ಲೆಯ ಕೆಳಗೆ ಇಟ್ಟುಕೊಂಡ.